ಕಲಬುರಗಿಯ ಬಿಸಿಲಿಗೆ ಯಾವ ಸೋಲಾರ್? ಬೆಳಕಿನ ಕರೆಂಟು, ಶಾಖದ ಕರೆಂಟು ಎರಡನ್ನೂ ತೂಗಿ ನೋಡಿದಾಗ

ಮೇ ತಿಂಗಳ ಒಂದು ಮಧ್ಯಾಹ್ನ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನ ಪತ್ರಾಸಿನ, ಅಂದರೆ ತಗಡಿನ ಚಾವಣಿಯ ಮೇಲೆ ಹತ್ತಿದ್ದೆ. ನೆರಳಿನಲ್ಲೇ 43 ಡಿಗ್ರಿ. ಕೈಯಲ್ಲಿ ದೂರದಿಂದಲೇ ಶಾಖ ಅಳೆಯುವ ಗನ್ ಇತ್ತು. ಪತ್ರಾಸಿಗೆ ಅಂಟಿಕೊಂಡಂತೆ ಕೂರಿಸಿದ್ದ ಪ್ಯಾನೆಲ್ ಸಾಲಿನ ಬೆನ್ನಿಗೆ ಹಿಡಿದರೆ 79 ಡಿಗ್ರಿ ತೋರಿಸಿತು. ಪಕ್ಕದಲ್ಲೇ ಆಫೀಸಿನ ಮಾಳಿಗೆ ಮೇಲೆ ಮೊಳದೆತ್ತರದ ಸ್ಟ್ರಕ್ಚರ್ ಹಾಕಿ ಕೂರಿಸಿದ ಸಾಲು ಇತ್ತು. ಅದೇ ಕಂಪನಿ, ಅದೇ ಮಾಡೆಲ್. ಅದರ ಬೆನ್ನಿಗೆ 68. ಕೆಳಗೆ ನಿಂತ ಸಾವಕಾರರು ಕೂಗಿ ಕೇಳಿದರು: "ಬಿಸಲ ಇಷ್ಟ ಖಡಕ್ ಅದ, ಫೆಬ್ರುವರಿಗಿಂತ ಕರೆಂಟ್ ಯಾಕ್ರಿ ಕಮ್ಮಿ ಬರ್ಲತ್ತದ?"

ಸೋಲಾರ್ ಕೊಳ್ಳಲು ಹೊರಟ ನಮ್ಮ ಭಾಗದವರೆಲ್ಲ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಅದು. ಪ್ಯಾನೆಲ್‌ಗೆ ಬೇಕಾದದ್ದು ಸೂರ್ಯನ ಬೆಳಕು, ಸೂರ್ಯನ ಶಾಖ ಅಲ್ಲ. ಬೆಳಕು ಅದರ ಅನ್ನ, ಶಾಖ ಅದರ ಜ್ವರ. ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಆಫೀಸುಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುವ ಊರು ನಮ್ಮದು. ಇಲ್ಲಿ ಬೆಂಗಳೂರಿನ ಲೆಕ್ಕ ಹಿಡಿದು ಪ್ಯಾನೆಲ್ ಆರಿಸಿದರೆ ಆ ಲೆಕ್ಕ ತಪ್ಪುತ್ತದೆ. ಮನೆಗೂ ಮಿಲ್ಲಿಗೂ ಸೋಲಾರ್ ಹಾಕುತ್ತಾ, ಕೆಟ್ಟಿದ್ದನ್ನು ರಿಪೇರಿ ಮಾಡುತ್ತಾ ಬಂದ ನನಗೆ ಖಚಿತವಾಗಿರುವ ಮಾತು ಇಷ್ಟು: ಬೆಳಕಿನಿಂದ ಕರೆಂಟ್ ತೆಗೆಯಿರಿ, ಶಾಖವನ್ನು ಆದಷ್ಟು ಶಾಖವಾಗಿಯೇ ಬಳಸಿರಿ. ಶಾಖದಿಂದ ಕರೆಂಟ್ ತೆಗೆಯುವ ಕೆಲಸ ಸಿಮೆಂಟ್ ಕಾರ್ಖಾನೆಯಂಥ ದೊಡ್ಡ ಗೂಡು, ಅಂದರೆ ಭಟ್ಟಿ, ಇದ್ದವರದು. ಯಾಕೆ ಎನ್ನುವುದನ್ನು ಒಂದೊಂದಾಗಿ ಬಿಡಿಸುತ್ತೇನೆ.

ಪರ್ಕ್, ಟಾಪ್‌ಕಾನ್, ಎಚ್‌ಜೆಟಿ: ಡೇಟಾಶೀಟಿನಲ್ಲಿ ನೋಡಬೇಕಾದ ಒಂದು ಸಾಲು

ಪ್ಯಾನೆಲ್ ಮೇಲೆ 550 ವಾಟ್ ಎಂದು ಬರೆದಿದ್ದರೆ ಅದು ಪ್ರಯೋಗಾಲಯದ ಮಾತು. ಸೆಲ್ಲಿನ ಶಾಖ 25 ಡಿಗ್ರಿ, ಚದರ ಮೀಟರಿಗೆ 1000 ವಾಟ್ ಬೆಳಕು ಇದ್ದಾಗ ಸಿಗುವ ಅಂಕಿ ಅದು. ಅಲ್ಲಿಂದ ಮೇಲೆ ಸೆಲ್ ಒಂದೊಂದು ಡಿಗ್ರಿ ಕಾದಂತೆ ವಾಟ್ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎನ್ನುವುದನ್ನು ಡೇಟಾಶೀಟಿನಲ್ಲಿ 'ಟೆಂಪರೇಚರ್ ಕೋಎಫಿಶಿಯೆಂಟ್' ಎಂಬ ಸಾಲಿನಲ್ಲಿ ಬರೆದಿರುತ್ತಾರೆ. ಹಳೆಯ ನೀಲಿ ಪಾಲಿ ಪ್ಯಾನೆಲ್‌ಗಳಲ್ಲಿ ಅದು ಡಿಗ್ರಿಗೆ ಶೇ 0.40ರ ಆಸುಪಾಸು. ಈಗ ಸಿಗುವ ಸಿಲಿಕಾನ್ ಪ್ಯಾನೆಲ್‌ಗಳ ಮೂರು ಬಗೆಗಳಲ್ಲಿ, ಮೋನೋ ಪರ್ಕ್‌ನಲ್ಲಿ 0.35, ಟಾಪ್‌ಕಾನ್‌ನಲ್ಲಿ 0.30, ಎಚ್‌ಜೆಟಿಯಲ್ಲಿ 0.25.

ಈ ಅಂಕಿಗಳನ್ನು ಕಪನೂರಿನ ಆ ಮಧ್ಯಾಹ್ನಕ್ಕೆ ಹಚ್ಚಿ ನೋಡಿ. ಪತ್ರಾಸಿಗೆ ಅಂಟಿದ ಪರ್ಕ್ ಪ್ಯಾನೆಲ್ 79 ಡಿಗ್ರಿ, ಅಂದರೆ 25ಕ್ಕಿಂತ 54 ಡಿಗ್ರಿ ಹೆಚ್ಚು. ನಷ್ಟ ಸುಮಾರು ಶೇ 19. ಅದೇ ಪರ್ಕ್ ಎತ್ತರಕ್ಕೆ ಕೂತಲ್ಲಿ 68 ಡಿಗ್ರಿ, ನಷ್ಟ ಶೇ 15. ಅಂಟಿಕೊಂಡ ಜಾಗದಲ್ಲಿ ಹೆಚ್ಚಿನ ಹಣ ಕೊಟ್ಟು ಟಾಪ್‌ಕಾನ್ ಹಾಕಿದ್ದರೂ ನಷ್ಟ ಶೇ 16ರ ಮೇಲೆಯೇ ಆಗುತ್ತಿತ್ತು. ಅಂದರೆ ಗಾಳಿಯಾಡುವಂತೆ ಕೂರಿಸಿದ ಅಗ್ಗದ ಪ್ಯಾನೆಲ್, ಉಸಿರುಗಟ್ಟಿಸಿ ಕೂರಿಸಿದ ದುಬಾರಿ ಪ್ಯಾನೆಲ್‌ಗಿಂತ ಹೆಚ್ಚು ದುಡಿಯುತ್ತದೆ. ಸಾವಕಾರರಿಗೆ ಇದನ್ನು ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದು ತೋರಿಸಿದೆ. ಆ ಸಾಲು ಕೂರಿಸಿದವರು ಸ್ಟ್ರಕ್ಚರಿನ ಖರ್ಚು ಉಳಿಸಿ ಕೊಟೇಶನ್ ಕಡಿಮೆ ಮಾಡಿದ್ದರು. ಉಳಿದ ಆ ಹಣ ಪ್ರತಿ ಬೇಸಿಗೆಯೂ ಯೂನಿಟ್ ರೂಪದಲ್ಲಿ ಸೋರಿ ಹೋಗುತ್ತಿದೆ.

ಹಾಗಾದರೆ ಟಾಪ್‌ಕಾನ್ ಬೇಡವೇ? ಬೇಕು, ಹೊಸದಾಗಿ ಹಾಕುವವರಿಗೆ ನನ್ನ ಮೊದಲ ಆಯ್ಕೆ ಈಗ ಅದೇ. ಪರ್ಕ್‌ಗಿಂತ ಬೆಲೆಯ ಅಂತರ ಬಹಳ ಕಡಿಮೆಯಾಗಿದೆ, ಅಷ್ಟೇ ಜಾಗದಲ್ಲಿ ತುಸು ಹೆಚ್ಚು ವಾಟ್ ಸಿಗುತ್ತದೆ, ವರ್ಷ ಕಳೆದಂತೆ ಸವೆಯುವುದೂ ಕಡಿಮೆ. ಪರ್ಕ್ ಕಂಪನಿಗಳ ವಾರಂಟಿಯಲ್ಲಿ ಸಾಮಾನ್ಯವಾಗಿ ಮೊದಲ ವರ್ಷ ಶೇ 2, ಆಮೇಲೆ ವರ್ಷಕ್ಕೆ ಶೇ 0.55 ಇಳಿಕೆ ಬರೆದಿರುತ್ತದೆ. ಟಾಪ್‌ಕಾನ್‌ನಲ್ಲಿ ಮೊದಲ ವರ್ಷ ಶೇ 1, ಆಮೇಲೆ ಶೇ 0.4. ಇಪ್ಪತ್ತೈದು ವರ್ಷ ಗುಣಿಸಿದರೆ ಅದು ಸಣ್ಣ ಮಾತಲ್ಲ. ಎಚ್‌ಜೆಟಿ ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದಂತಿದೆ, ನಿಜ. ಆದರೆ ಬೆಲೆ ಹೆಚ್ಚು, ಸಣ್ಣ ಗಿರಾಕಿಗೆ ಸಿಗುವುದೂ ಕಷ್ಟ. ಮಾಳಿಗೆ ಚಿಕ್ಕದು, ಇದ್ದಷ್ಟೇ ಜಾಗದಲ್ಲಿ ಗರಿಷ್ಠ ತೆಗೆಯಲೇಬೇಕು ಎನ್ನುವವರು ಮಾತ್ರ ಅದನ್ನು ಹುಡುಕಲಿ.

ಬೈಫೇಶಿಯಲ್ ಬಗ್ಗೆ ಒಂದು ಮಾತು. ಎರಡೂ ಮುಖದಿಂದ ಬೆಳಕು ಹೀರುವ ಈ ಪ್ಯಾನೆಲ್ ಕೆಳಗಿನ ನೆಲ ಬೆಳ್ಳಗಿದ್ದರೆ ಮಾತ್ರ ಲಾಭ. ನಮ್ಮ ಮಾಳಿಗೆಗಳ ಮೇಲೆ ಹಾಸಿದ ಶಹಾಬಾದ್ ಪರಸಿ ಬೂದು ಬಣ್ಣದ್ದು, ಬೆಳಕನ್ನು ತಿರುಗಿಸಿ ಕೊಡುವುದಕ್ಕಿಂತ ನುಂಗುವುದೇ ಹೆಚ್ಚು. ಅದರ ಮೇಲೆ ಸುಣ್ಣವನ್ನೋ ಬಿಳಿ ಕೂಲ್ ರೂಫ್ ಬಣ್ಣವನ್ನೋ ಬಳಿದು, ಪ್ಯಾನೆಲ್ ಎತ್ತರಕ್ಕೆ ಕೂರಿಸಿದರೆ ಶೇ 5ರಿಂದ 10ರಷ್ಟು ಹೆಚ್ಚುವರಿ ಕರೆಂಟ್ ಸಿಗುತ್ತದೆ. ಕೆಳಗಿನ ಕೋಣೆಯೂ ತಂಪಾಗುತ್ತದೆ. ಸುಣ್ಣ ಬಳಿಯುವ ಮನಸ್ಸಿಲ್ಲದಿದ್ದರೆ ಬೈಫೇಶಿಯಲ್‌ಗೆಂದು ಹೆಚ್ಚಿನ ದುಡ್ಡು ಕೊಡಬೇಡಿ.

ಪ್ಯಾನೆಲ್ ಯಾವುದೇ ಇರಲಿ, ಇಲ್ಲಿ ಎರಡು ವಿಷಯ ಮರೆಯಬಾರದು. ಒಂದು ಧೂಳು. ವಾಡಿ, ಶಹಾಬಾದ್, ಸೇಡಂ, ಮಳಖೇಡ ಕಡೆ ಸಿಮೆಂಟು ಮತ್ತು ಪರಸಿ ಪಾಲಿಶಿನ ಧೂಳು. ಕಲಬುರಗಿಯ ಮಿಲ್ಲುಗಳ ಸುತ್ತ ತೊಗರಿ ಹೊಟ್ಟು. ಸಿಮೆಂಟಿನ ಧೂಳಿಗೆ ಇಬ್ಬನಿ ತಾಗಿದರೆ ಗಾಜಿನ ಮೇಲೆ ಪದರ ಕಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಬಟ್ಟೆಗೆ ಬಗ್ಗುವುದಿಲ್ಲ. ವಾರಕ್ಕೊಮ್ಮೆ, ಸೂರ್ಯ ಹುಟ್ಟುವ ಮೊದಲೇ ತೊಳೆಯಿರಿ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡುವ ಅಪಾಯವಿದೆ. ನಮ್ಮ ಬೋರಿನ ನೀರು ಸುಣ್ಣದ ಕಲ್ಲಿನ ನೆಲದ್ದು, ಭಾರೀ ಗಡಸು. ಅದು ಹಾಗೇ ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ನಳದ ನೀರು ಬಂದ ದಿನ ತೊಳೆಯಿರಿ, ಇಲ್ಲವೇ ತೊಳೆದ ಕೂಡಲೇ ರಬ್ಬರ್ ವೈಪರಿನಿಂದ ಎಳೆದುಬಿಡಿ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಮಾತ್ರ ಬಳಸಬೇಡಿ, ಬೋರಿನ ನೀರಿಗಿಂತಲೂ ಲವಣ ಅದರಲ್ಲಿ ಹೆಚ್ಚು.

ಇನ್ನೊಂದು ಇನ್ವರ್ಟರು ಮತ್ತು ಬ್ಯಾಟರಿಯ ಜಾಗ. ಪಶ್ಚಿಮದ ಗೋಡೆಗೆ, ಬಿಸಿಲಿಗೆ ಮುಖ ಮಾಡಿ ಇನ್ವರ್ಟರ್ ತೂಗುಹಾಕಿದ್ದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಸುತ್ತಲಿನ ಶಾಖ 45 ಡಿಗ್ರಿ ದಾಟಿತೆಂದರೆ ಬಹುಪಾಲು ಇನ್ವರ್ಟರುಗಳು ತಮ್ಮನ್ನು ಕಾಪಾಡಿಕೊಳ್ಳಲು ತಾವೇ ಉತ್ಪಾದನೆ ತಗ್ಗಿಸುತ್ತವೆ. ಲೆಡ್ ಆಸಿಡ್ ಬ್ಯಾಟರಿಯ ಆಯುಷ್ಯವಂತೂ ಪ್ರತಿ ಹತ್ತು ಡಿಗ್ರಿ ಹೆಚ್ಚಿದಂತೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಐದು ವರ್ಷ ಬರಬೇಕಾದ ಬ್ಯಾಟರಿ ನಮ್ಮಲ್ಲಿ ಎರಡೂವರೆ ವರ್ಷಕ್ಕೆ ಮಲಗಿದರೆ ಬ್ಯಾಟರಿಯವನನ್ನು ಬೈಯುವ ಮೊದಲು ಅದನ್ನು ಇಟ್ಟ ಜಾಗ ನೋಡಿ. ಮೆಟ್ಟಿಲ ಕೆಳಗೆ, ಉತ್ತರದ ಗೋಡೆಗೆ, ಗಾಳಿ ಆಡುವ ಕಡೆ ಇಡಿ. ಹೆಚ್ಚಾದ ಕರೆಂಟನ್ನು ಲೈನಿಗೆ ಕೊಟ್ಟು ಬಿಲ್ಲಿನಲ್ಲಿ ಕಳೆಯುವ ನೆಟ್ ಮೀಟರ್ ಇದ್ದು, ಕರೆಂಟ್ ಹೋಗುವುದು ಅಪರೂಪವಾಗಿದ್ದರೆ ಬ್ಯಾಟರಿಯೇ ಬೇಡ.

ಪೆರೋವ್‌ಸ್ಕೈಟ್‌ಗಾಗಿ ಕಾಯಬೇಕೇ?

"ಹೊಸಾದು ಬರ್ಲತ್ತದಂತಲ್ರಿ, ಎರಡ ವರ್ಷ ತಡದ ಹಾಕಿಸ್ಲೇನು?" ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಅವರ ಕುತೂಹಲ ನನಗೂ ಇದೆ. ಒಂದೇ ಪದರದ ಸಿಲಿಕಾನ್ ಸೆಲ್ ಎಷ್ಟೇ ಚೆನ್ನಾಗಿ ಮಾಡಿದರೂ ಬಿದ್ದ ಬೆಳಕಿನಲ್ಲಿ ಶೇ 29ರ ಸುಮಾರನ್ನು ಕರೆಂಟ್ ಮಾಡಿ ನಿಲ್ಲಲೇಬೇಕು, ಅದು ಭೌತವಿಜ್ಞಾನ ಹಾಕಿದ ಗೆರೆ. ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಎಂಬ ಹರಳಿನ ತೆಳು ಪದರ ಬಳಿದರೆ ಮೇಲಿನದು ನೀಲಿ, ಹಸಿರು ಬೆಳಕನ್ನೂ ಕೆಳಗಿನದು ಕೆಂಪು ಮತ್ತು ಅದರಾಚೆಯ ಬೆಳಕನ್ನೂ ಹಂಚಿಕೊಳ್ಳುತ್ತವೆ. ಹೀಗೆ ಜೋಡಿಸಿದ್ದಕ್ಕೆ ಟ್ಯಾಂಡೆಮ್ ಸೆಲ್ ಎನ್ನುತ್ತಾರೆ. 2009ರಲ್ಲಿ ಜಪಾನಿನ ಮಿಯಾಸಾಕಾ ಅವರ ತಂಡ ಮೊದಲ ಪೆರೋವ್‌ಸ್ಕೈಟ್ ಸೆಲ್ ಮಾಡಿದಾಗ ದಕ್ಷತೆ ಶೇ 3.8 ಮಾತ್ರ ಇತ್ತು. ಇಂದು ಪ್ರಯೋಗಾಲಯದ ಟ್ಯಾಂಡೆಮ್ ಸೆಲ್ಲುಗಳು ಶೇ 34 ದಾಟಿವೆ. ಒಂದು ತಂತ್ರಜ್ಞಾನ ಹದಿನೈದು ವರ್ಷದಲ್ಲಿ ಇಷ್ಟು ದೂರ ಓಡಿದ್ದು ಸೋಲಾರಿನ ಚರಿತ್ರೆಯಲ್ಲೇ ಬೇರೆ ಇಲ್ಲ.

ತೊಡಕಿರುವುದು ಬಾಳಿಕೆಯಲ್ಲಿ. ಈ ಹರಳಿಗೆ ತೇವ ಆಗದು, ಅತಿ ಶಾಖವೂ ಆಗದು. ಸಾಮಾನ್ಯವಾಗಿ ಅದರಲ್ಲಿ ಸೀಸವೂ ಇರುತ್ತದೆ, ಆದ್ದರಿಂದ ಗಾಜು ಒಡೆದಾಗ ಏನು ಎಂಬ ಚಿಂತೆ ಬೇರೆ. ಪ್ಯಾನೆಲ್‌ಗಳನ್ನು ಮಾರುಕಟ್ಟೆಗೆ ಬಿಡುವ ಮುನ್ನ 85 ಡಿಗ್ರಿ ಶಾಖ, ಶೇ 85 ತೇವಾಂಶದ ಪೆಟ್ಟಿಗೆಯಲ್ಲಿ 1000 ಗಂಟೆ ಇಟ್ಟು ಪರೀಕ್ಷಿಸುತ್ತಾರೆ. ನಮ್ಮ ಪತ್ರಾಸಿನ ಮೇಲಿನ 79 ಡಿಗ್ರಿ ಅದರಿಂದ ಬಹಳ ದೂರವಿಲ್ಲ, ಅದೂ ವರ್ಷ ವರ್ಷವೂ ಬರುವಂಥದ್ದು. ಹೊರದೇಶಗಳಲ್ಲಿ 2024ರಿಂದ ಟ್ಯಾಂಡೆಮ್ ಪ್ಯಾನೆಲ್ ಮಾರಾಟ ಸಣ್ಣದಾಗಿ ಆರಂಭವಾಗಿದೆ. ಆದರೂ ನಮ್ಮಂಥ ಬಿಸಿಲಿನಲ್ಲಿ ಹತ್ತು ಬೇಸಿಗೆ ಕಂಡ ಪೆರೋವ್‌ಸ್ಕೈಟ್ ಪ್ಯಾನೆಲ್ ಇನ್ನೂ ಇಲ್ಲ. ಕಾಯುತ್ತಾ ಕೂತ ಎರಡು ವರ್ಷದಲ್ಲಿ 3 ಕಿಲೋವಾಟ್ ಸಿಸ್ಟಮ್ಮಿನಿಂದ ದಿನಕ್ಕೆ 12 ಯೂನಿಟ್‌ನಂತೆ ಕಳೆದುಕೊಳ್ಳುವುದನ್ನು ಲೆಕ್ಕ ಹಾಕಿ. ನಾನಾದರೆ ಕಾಯುವುದಿಲ್ಲ.

ಶಾಖದಿಂದ ನೇರ ಕರೆಂಟು: ಅಂಗೈಯಗಲದ ಚಿಪ್ಪಿನ ಆಸೆ

ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಪ್ರಾಜೆಕ್ಟಿಗೆಂದು ಆನ್‌ಲೈನಿನಲ್ಲಿ ಆರು ಥರ್ಮೋಎಲೆಕ್ಟ್ರಿಕ್ ಚಿಪ್ ತರಿಸಿದ. ನಾಲ್ಕು ಸೆಂಟಿಮೀಟರ್ ಚೌಕದ, ಬಿಸ್ಕತ್ತಿನಷ್ಟು ತೆಳ್ಳಗಿನ ಬಿಳಿ ಹಲಗೆ, ಎರಡು ವೈರು. ಒಂದು ಬದಿ ಕಾಯಿಸಿ ಇನ್ನೊಂದು ಬದಿ ತಣ್ಣಗಿಟ್ಟರೆ ವೈರಿನಲ್ಲಿ ಕರೆಂಟ್ ಬರುತ್ತದೆ. 1821ರಲ್ಲಿ ಸೀಬೆಕ್ ಕಂಡ ಪರಿಣಾಮ ಇದು. ಚಕ್ರವಿಲ್ಲ, ಸದ್ದಿಲ್ಲ, ಸವೆಯುವ ಭಾಗವಿಲ್ಲ. ಇದೇ ತತ್ವದ ಮೇಲೆ, ಪ್ಲುಟೋನಿಯಂ ಶಾಖ ಹಿಡಿದು, 1977ರಲ್ಲಿ ಹಾರಿದ ವಾಯೇಜರ್ ನೌಕೆಗಳು ಇನ್ನೂ ಮಾತಾಡುತ್ತಿವೆ. ಇದನ್ನು ಓದಿದ ಹುಡುಗನಿಗೆ ಹೋಟೆಲಿನ ಒಲೆಯೆಲ್ಲ ಪವರ್ ಹೌಸಾಗಿ ಕಂಡರೆ ತಪ್ಪೇನಿಲ್ಲ.

"ಮಾಮಾ, ಒಲಿ ಹಿಂದ ಹಚ್ಚೂಣು" ಎಂದ. ಪರಿಚಯದ ಖಾನಾವಳಿಯ ರೊಟ್ಟಿ ಒಲೆಯ ಪಕ್ಕಕ್ಕೆ ಆರೂ ಚಿಪ್ ಹಚ್ಚಿದೆವು. ಮೊದಲ ಹತ್ತು ನಿಮಿಷ ಮೀಟರ್ ಚೆನ್ನಾಗಿ ಏರಿತು. ಆಮೇಲೆ ಇಳಿಯತೊಡಗಿತು. ತಣ್ಣಗಿರಬೇಕಾದ ಬದಿಯೂ ಕಾಯತೊಡಗಿತ್ತು! ಅಲ್ಯೂಮಿನಿಯಂ ರೆಕ್ಕೆ ಹಚ್ಚಿದೆವು, ಫ್ಯಾನ್ ಹಚ್ಚಿದೆವು. ಬಂದ ಕರೆಂಟಿನ ದೊಡ್ಡ ಪಾಲನ್ನು ಫ್ಯಾನೇ ತಿಂದಿತು. ಕೊನೆಗೆ ಒಂದೆರಡು ಎಲ್‌ಇಡಿ ಉರಿದವು, ಹುಡುಗನಿಗೆ ಒಳ್ಳೆಯ ಅಂಕವೂ ಬಂತು.

ಸೋತದ್ದು ಹುಡುಗನ ಜಾಣತನವಲ್ಲ. ಶಾಖದಿಂದ ಕರೆಂಟ್ ಮಾಡುವ ಯಾವ ಯಂತ್ರಕ್ಕೂ ಬೇಕಾದದ್ದು ಶಾಖ ಒಂದೇ ಅಲ್ಲ, ಶಾಖ ಮತ್ತು ತಂಪಿನ ನಡುವಿನ ಅಂತರ. ಬಿಸಿ ಬದಿ 150, ತಣ್ಣನೆ ಬದಿ 50 ಡಿಗ್ರಿ ಇದ್ದರೆ ಆ ಶಾಖದಲ್ಲಿ ಕರೆಂಟಾಗಿ ಪ್ರಕೃತಿ ಕೊಡಲೊಪ್ಪುವ ಗರಿಷ್ಠವೇ ಶೇ 24ರ ಒಳಗೆ. ಬಿಸ್ಮತ್ ಟೆಲ್ಯುರೈಡ್ ಎಂಬ ವಸ್ತುವಿನಿಂದ ಮಾಡಿದ ಈ ಚಿಪ್ ಪಡೆಯುವುದು ಶೇ ನಾಲ್ಕೈದೂ ಇಲ್ಲ. ನೂರು ಡಿಗ್ರಿ ಅಂತರಕ್ಕೆ ಒಂದು ಚಿಪ್ಪಿನಿಂದ ಒಂದೆರಡು ವಾಟ್. ಕಲಬುರಗಿಯಲ್ಲಿ ತಂಪು ಬದಿಗೆ ಸಿಗುವ ಗಾಳಿಯೇ 43 ಡಿಗ್ರಿ. ಆದ್ದರಿಂದ "ಒಲೆಯ ಶಾಖದಿಂದ ಮನೆಗೆಲ್ಲ ಕರೆಂಟ್" ಎಂದು ಕಿಟ್ ಮಾರಲು ಬಂದವರಿಗೆ ಒಂದೇ ಪ್ರಶ್ನೆ ಕೇಳಿ: ತಣ್ಣನೆ ಬದಿಯನ್ನು ತಣ್ಣಗಿಡುವುದು ಹೇಗೆ, ಅದಕ್ಕೆ ಎಷ್ಟು ವಾಟ್ ಬೇಕು? ಈ ಚಿಪ್ಪಿಗೂ ಅದರದೇ ಜಾಗವಿದೆ. ಕಾದ ಪೈಪಿನ ಮೇಲೆ ಕೂತು ಅಳತೆ ಕಳಿಸುವ ಪುಟ್ಟ ಸೆನ್ಸರಿಗೆ, ವೈರ್ ಎಳೆಯಲಾಗದ ಮೂಲೆಗೆ ಅದಕ್ಕಿಂತ ಒಳ್ಳೆಯದಿಲ್ಲ.

ಥರ್ಮೋಫೋಟೋವೋಲ್ಟಾಯಿಕ್ ಎಂಬ ಇನ್ನೊಂದು ಹೆಸರೂ ಈಚೆಗೆ ಕೇಳಿಬರುತ್ತಿದೆ. ಕೆಂಡದಂತೆ ಕಾದ ವಸ್ತು ಸೂಸುವ ಬೆಳಕನ್ನು ವಿಶೇಷ ಸೆಲ್‌ನಿಂದ ಹಿಡಿಯುವುದು ಅದರ ಉಪಾಯ. 2022ರಲ್ಲಿ ಅಮೆರಿಕದ ಎಂಐಟಿ ಮತ್ತು ಎನ್‌ಆರ್‌ಇಎಲ್ ವಿಜ್ಞಾನಿಗಳು ಶೇ 40ರ ದಕ್ಷತೆ ತೋರಿಸಿದರು. ಆದರೆ ಆ ವಸ್ತು 1900ರಿಂದ 2400 ಡಿಗ್ರಿ ಕಾಯಬೇಕು. ಸೋಲಾರಿನ ಹೆಚ್ಚುವರಿ ಕರೆಂಟಿನಿಂದ ಕಾಯಿಸಿಟ್ಟ ಇಂಗಾಲದ ಇಟ್ಟಿಗೆಗಳನ್ನೇ ಬ್ಯಾಟರಿ ಮಾಡುವ ಕನಸು ಅದರ ಹಿಂದಿದೆ. ಅದು ಗ್ರಿಡ್ ನಡೆಸುವವರ ವಿಷಯ, ನಮ್ಮ ಮಾಳಿಗೆಯದಲ್ಲ.

ಗೂಡು ದೊಡ್ಡದಿದ್ದರೆ ಮಾತೇ ಬೇರೆ

ವಾಡಿ, ಸೇಡಂ ಕಡೆ ರಾತ್ರಿ ರೈಲಿನಲ್ಲಿ ಹೋದವರು ಸಿಮೆಂಟ್ ಕಾರ್ಖಾನೆಯ ಆ ಎತ್ತರದ ಗೋಪುರ ನೋಡಿಯೇ ಇರುತ್ತೀರಿ. ಅದು ಪ್ರೀಹೀಟರ್. ಗೂಡಿನೊಳಗೆ ಸುಣ್ಣದ ಕಲ್ಲಿನ ಪುಡಿ 1450 ಡಿಗ್ರಿಗೆ ಬೆಂದು ಕ್ಲಿಂಕರ್, ಅಂದರೆ ಅರೆದರೆ ಸಿಮೆಂಟಾಗುವ ಉಂಡೆ, ಆಗುತ್ತದೆ. ಆ ಶಾಖ ಹಲವು ಹಂತಗಳಲ್ಲಿ ಮತ್ತೆ ಮತ್ತೆ ಬಳಕೆಯಾದ ಮೇಲೂ ಹೊರಬರುವ ಗಾಳಿ 300 ಡಿಗ್ರಿಯ ಮೇಲಿರುತ್ತದೆ, ಹಗಲೂ ರಾತ್ರಿ ನಿಲ್ಲದೆ. ಅದನ್ನು ಬಾಯ್ಲರಿಗೆ ತಿರುಗಿಸಿ ಹಬೆ ಮಾಡಿ ಟರ್ಬೈನ್ ಓಡಿಸಿದರೆ ಕಾರ್ಖಾನೆಗೆ ಬೇಕಾದ ಕರೆಂಟಿನ ಐದನೇ ಒಂದರಿಂದ ಕಾಲು ಪಾಲಿನವರೆಗೆ, ಒಂದು ಕೆಜಿ ಕಲ್ಲಿದ್ದಲನ್ನೂ ಹೆಚ್ಚಿಗೆ ಸುಡದೆ ಸಿಗುತ್ತದೆ. ಶಾಖದಿಂದ ಕರೆಂಟ್ ಎನ್ನುವ ಮಾತಿಗೆ ನಮ್ಮ ಜಿಲ್ಲೆಯಲ್ಲಿ ನಿಜವಾದ ಅರ್ಥ ಬರುವುದು ಇಲ್ಲಿ. ಬೀದರ್ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್ ಮಾಡುವುದೂ ಇದೇ ಹಬೆಯ ದಾರಿ.

ಶಾಖ 100ರಿಂದ 250 ಡಿಗ್ರಿಯ ನಡುವೆ ಇದ್ದರೆ ನೀರಿನ ಬದಲು ಬೇಗ ಕುದಿಯುವ ಬೇರೆ ದ್ರವ ಬಳಸುವ ಆರ್ಗ್ಯಾನಿಕ್ ರ‍್ಯಾಂಕಿನ್ ಸೈಕಲ್ ಯಂತ್ರಗಳಿವೆ. ಥರ್ಮೋಎಲೆಕ್ಟ್ರಿಕ್ ಚಿಪ್ಪಿಗಿಂತ ಎರಡು ಮೂರು ಪಟ್ಟು ದಕ್ಷ. ಆದರೆ ಹತ್ತಾರು ಕಿಲೋವಾಟ್ ಗಾತ್ರಕ್ಕಿಂತ ಚಿಕ್ಕದಾದರೆ ಖರ್ಚು ಹುಟ್ಟುವುದಿಲ್ಲ, ನೋಡಿಕೊಳ್ಳಲು ತಿಳಿದವರೂ ಬೇಕು. ಬಾಯ್ಲರ್ ವರ್ಷವಿಡೀ ಓಡುವವರು ಮಾತ್ರ ವಿಚಾರಿಸಲಿ. ಸೀಸನ್ನಿನಲ್ಲಿ ನಾಲ್ಕು ತಿಂಗಳು ನಡೆಯುವ ದಾಲ್ ಮಿಲ್ಲಿಗೆ ಬೇಡ.

ಶಾಖವನ್ನು ಶಾಖವಾಗಿಯೇ

ನನಗೆ ಎಲ್ಲಕ್ಕಿಂತ ಬೇಸರವಾಗುವುದು ಇದನ್ನು ಯಾರೂ ಕೇಳುವುದಿಲ್ಲ ಎಂದು. ನೂರು ಲೀಟರ್ ನೀರನ್ನು 22 ಡಿಗ್ರಿಯಿಂದ 60ಕ್ಕೆ ಕಾಯಿಸಲು ಬೇಕಾದ ಶಕ್ತಿ ಸುಮಾರು 4.4 ಯೂನಿಟ್. ಅಂದರೆ 1 ಕಿಲೋವಾಟ್ ಪ್ಯಾನೆಲ್‌ನ ಇಡೀ ದಿನದ ದುಡಿಮೆ ಸ್ನಾನದ ನೀರಿಗೇ ಹೋಗುತ್ತದೆ. ಅದೇ ಕೆಲಸವನ್ನು ಎರಡು ಚದರ ಮೀಟರಿನ ಸೋಲಾರ್ ವಾಟರ್ ಹೀಟರ್ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮಾಡುತ್ತದೆ. ನಮ್ಮ ಗಡಸು ನೀರಿಗೆ ತಾಮ್ರದ ಸಣ್ಣ ಕೊಳವೆಯ ಫ್ಲ್ಯಾಟ್ ಪ್ಲೇಟ್ ಬೇಗ ಕಟ್ಟಿಕೊಳ್ಳುತ್ತದೆ. ಗಾಜಿನ ಟ್ಯೂಬಿನದು ವಾಸಿ, ಬಿಚ್ಚಿ ತೊಳೆಯಬಹುದು, ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ಬೇಸಿಗೆಯಲ್ಲಿ ಅರ್ಧ ಟ್ಯೂಬುಗಳ ಮೇಲೆ ಹಳೆ ಚಾಪೆ ಹೊದಿಸಿದರೆ ನೀರು ಕುದಿಯುವುದು ತಪ್ಪುತ್ತದೆ.

ಪ್ಯಾನೆಲ್ ಬೆನ್ನಿಗೆ ನೀರು ಹರಿಸಿ ಕರೆಂಟನ್ನೂ ಬಿಸಿನೀರನ್ನೂ ಒಟ್ಟಿಗೆ ತೆಗೆಯುವ ಪಿವಿಟಿ ಪ್ಯಾನೆಲ್‌ಗಳೂ ಬಂದಿವೆ. ಕಾಗದದ ಮೇಲೆ ನಮ್ಮ ಊರಿಗೇ ಹುಟ್ಟಿದಂತೆ ಕಾಣುತ್ತವೆ. ಆದರೆ ಪ್ಯಾನೆಲ್‌ಗೆ ತಂಪು ಹೆಚ್ಚು ಬೇಕಾದ ಮೇ ತಿಂಗಳಲ್ಲಿ ಬಿಸಿನೀರು ಯಾರಿಗೂ ಬೇಡ. ವರ್ಷವಿಡೀ ಬೆಚ್ಚನೆಯ ನೀರು ಬೇಕಾದ ಆಸ್ಪತ್ರೆ, ಹಾಲಿನ ಡೇರಿಗಳಿಗೆ ಮಾತ್ರ ಇದು ಸರಿ.

ಕನ್ನಡಿಯಿಂದ ಬಿಸಿಲು ಒಟ್ಟುಗೂಡಿಸುವ ವಿಧಾನ ಕರೆಂಟಿಗಿಂತ ಅಡುಗೆಗೆ ಹೊಂದುತ್ತದೆ. ಶಿರಡಿಯ ಸಾಯಿ ಸಂಸ್ಥಾನದಲ್ಲಿ 2009ರಿಂದ 73 ಕನ್ನಡಿ ಬಟ್ಟಲುಗಳ ಹಬೆಯಲ್ಲಿ ಪ್ರಸಾದ ಬೇಯುತ್ತಿದೆ. ದಿನವೂ ಸಾವಿರಾರು ಜನರಿಗೆ ದಾಸೋಹ ನಡೆಸುವ ನಮ್ಮ ಮಠಗಳು ಅಲ್ಲಿಗೆ ಒಮ್ಮೆ ಹೋಗಿ ನೋಡಿ ಬರಬೇಕೆಂದು ಮನಸಾರೆ ಬಯಸುತ್ತೇನೆ. ದಾಲ್ ಮಿಲ್ಲಿನವರಿಗೂ ಒಂದು ಮಾತು: ತೊಗರಿಗೆ ಎಣ್ಣೆ ನೀರು ಹಚ್ಚಿ ಅಂಗಳದಲ್ಲಿ ಒಣಹಾಕುವುದು ಕೂಡ ಸೌರಶಕ್ತಿಯೇ. ಮುಚ್ಚಿದ ಸೋಲಾರ್ ಡ್ರೈಯರ್ ಹಾಕಿದರೆ ಧೂಳು, ಹಕ್ಕಿ, ಅಕಾಲದ ಮಳೆ ಮೂರರಿಂದಲೂ ಕಾಳು ಉಳಿಯುತ್ತದೆ.

ಮನೆಯವರಿಗೆ ಹಣದ ಲೆಕ್ಕ

ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದರೆ ಪ್ಯಾನೆಲ್‌ಗೆ ಅವಸರ ಮಾಡಬೇಡಿ, ಉಳಿಸಲು ಅಲ್ಲಿ ಏನೂ ಇಲ್ಲ. ತಿಂಗಳಿಗೆ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವವರು, ಎರಡು ಎಸಿ ಇರುವವರು ಇಂದೇ ಯೋಚಿಸಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ ಇದೆ. ಅದಕ್ಕೆ ದೇಶದಲ್ಲೇ ತಯಾರಾದ ಸೆಲ್ಲಿನ ಡಿಸಿಆರ್ ಪ್ಯಾನೆಲ್ ಬೇಕು, ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ನೆಟ್ ಮೀಟರ್ ಬೇಕು. 3 ಕಿಲೋವಾಟ್‌ಗಿಂತ ದೊಡ್ಡದು ಹಾಕಿದರೂ ಸಬ್ಸಿಡಿ ಅಲ್ಲಿಗೇ ನಿಲ್ಲುತ್ತದೆ.

ಕೊಟೇಶನ್ ಬಂದಾಗ ಅದರ ಮೇಲೆ ನಾಲ್ಕು ಸಾಲು ಬರೆಸಿಕೊಳ್ಳಿ: ಪ್ಯಾನೆಲ್‌ನ ಟೆಂಪರೇಚರ್ ಕೋಎಫಿಶಿಯೆಂಟ್ ಎಷ್ಟು, ಪ್ಯಾನೆಲ್ ಮತ್ತು ಮಾಳಿಗೆಯ ನಡುವೆ ಎಷ್ಟು ಅಂತರ, ದಕ್ಷಿಣಕ್ಕೆ ಎಷ್ಟು ಓರೆ, ಇನ್ವರ್ಟರ್ ಯಾವ ಗೋಡೆಗೆ. ಓರೆ ನಮ್ಮಲ್ಲಿ 15ರಿಂದ 18 ಡಿಗ್ರಿ ಇದ್ದರೆ ಸರಿ. ಕಪನೂರಿನ ಸಾವಕಾರರು ಹೊಸ ಪ್ಯಾನೆಲ್ ಕೊಳ್ಳಲಿಲ್ಲ. ಹಳೆಯ ಸಾಲನ್ನೇ ಬಿಚ್ಚಿಸಿ, ಪತ್ರಾಸಿನ ಮೇಲೆ ಒಂದೂವರೆ ಅಡಿ ಎತ್ತರದ ಸ್ಟ್ರಕ್ಚರ್ ಹಾಕಿಸಿದ್ದಾರೆ. ಮುಂದಿನ ಮೇ ತಿಂಗಳಿಗೆ ಗನ್ ತಗೊಂಡು ಬಾ ಎಂದು ಹೇಳಿಟ್ಟಿದ್ದಾರೆ.